ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವ ಮುಂಚೆ ಒಂದು ಮಾತು

ಹೊಲಕ್ಕೆ ಡ್ರಿಪ್ ಹಾಕಿಸ್ತೀವಿ, ಮಣ್ಣು ಪರೀಕ್ಷೆ ಮಾಡಿಸ್ತೀವಿ. ಮನೆಯ ಹಿತ್ತಲಿನ ವಿಷಯ ಬಂದರೆ ಮಾತ್ರ ನಮ್ಮ ತಲೆಗೆ ಬರೋದು ಒಂದೇ: ಕಾಂಕ್ರೀಟ್. ಇದು ತಪ್ಪು ಅಂತ ನಾನು ಹೇಳೋದು ಓದಿ ಅಲ್ಲ, ಮಾಡಿ ಕೆಟ್ಟು.

ನಮ್ಮದು ರಾಯಚೂರು ಜಿಲ್ಲೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದ ವರ್ಷ, ಕೆಸರು ಬೇಡ ಅಂತ ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕಿಸಿದೆ. ಅಡ್ಡ ಬಂತು ಅಂತ ಹಳೆಯ ನುಗ್ಗೆ ಮರವನ್ನೂ ಕಡಿಸಿದೆ. ಮುಂದಿನ ಬೇಸಿಗೆಯಲ್ಲಿ ಅವ್ವ ಅಂದಳು: "ಯಪ್ಪಾ, ಒಳಗ ಕುಂತ್ರ ಒಲಿ, ಹೊರಗ ಬಂದ್ರ ಹಂಚು." ಹಗಲೆಲ್ಲ ಕಾದ ನೆಲ ರಾತ್ರಿ 11 ಗಂಟೆಗೂ ಕಾವು ಬಿಡುತ್ತಿತ್ತು. ಅಡುಗೆಮನೆ ಅದಕ್ಕೇ ಅಂಟಿಕೊಂಡಿದೆ. ಆ ಕಾವು ಉಂಡವಳು ಅವ್ವ. ನಾನು ಹೊಲದ ಬೇವಿನ ನೆರಳಲ್ಲಿದ್ದೆ.

ಎರಡು ವರ್ಷದ ಮೇಲೆ ಮುಕ್ಕಾಲು ಭಾಗ ಒಡೆಸಿದೆ. ಹಾಕಿಸಲು ಒಂದು ಖರ್ಚು, ಒಡೆಸಲು ಇನ್ನೊಂದು. ಈಗ ಮಾಡಿರುವುದು ಇಷ್ಟು:

ಕೂರುವ ಜಾಗಕ್ಕೆ ಶಹಾಬಾದ್ ಕಲ್ಲು. ಸಿಮೆಂಟ್ ಇಲ್ಲದೆ, ಮರಳಿನ ಮೇಲೆ ಸಂದು ಬಿಟ್ಟು ಜೋಡಿಸಿದ್ದರಿಂದ ಮಳೆನೀರು ಅಲ್ಲೇ ಇಂಗುತ್ತದೆ. ಮೇಲೆ ಚಪ್ಪರ, ಚಪ್ಪರಕ್ಕೆ ತೊಂಡೆ ಬಳ್ಳಿ. ತಗಡು ತಾನೂ ಕಾದು ನಮ್ಮನ್ನೂ ಕಾಯಿಸುತ್ತದೆ. ಬಳ್ಳಿ ಹಾಗಲ್ಲ, ನೆರಳೂ ಕೊಡುತ್ತದೆ, ಕಾಯಿಯೂ ಕೊಡುತ್ತದೆ.

ಪಡುವಣ ಬದಿಗೆ ನುಗ್ಗೆ, ಯಾಕಂದ್ರೆ ಮಧ್ಯಾಹ್ನದ ಮೇಲಿನ ಬಿಸಿಲು ಹೊಡೆಯೋದು ಆ ಕಡೆಯಿಂದ. ಪಿಕೆಎಂ-1 ಬೀಜ ಊರಿದರೆ ಆರೇಳು ತಿಂಗಳಿಗೆ ಕಾಯಿ ಶುರು. ಬಚ್ಚಲ ನೀರು ಬಾಳೆಗೆ ಬಿಡಿ, ಸೊಪ್ಪಿಗೆ ಬೇಡ.

ಸೊಪ್ಪಿನ ಮಡಿಯ ನಡುವೆ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿ. ನೀರು ಜಿನುಗಿ ಸೀದಾ ಬೇರಿಗೆ ಹೋಗುತ್ತದೆ. ಮಡಿಯ ಮೇಲೆ 3 ಇಂಚು ಒಣ ಎಲೆ ಇಲ್ಲವೇ ತೊಗರಿ ಹೊಟ್ಟು ಹರಡಿ. ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಬಿಸಿಲಿಗೆ ಇಡಬೇಡಿ, ಬೇರು ಬೆಂದು ಹೋಗುತ್ತದೆ.

"ಹೊಲದ ಕೆಲಸಕ್ಕೇ ಕೈ ಸಾಲದು, ಹಿತ್ತಲು ಯಾರು ನೋಡ್ತಾರೆ?" ಅಂತ ಗೆಳೆಯರು ಕೇಳ್ತಾರೆ. ನನಗೆ ದಿನಕ್ಕೆ ಅರ್ಧ ಗಂಟೆ ಸಾಕಾಗುತ್ತದೆ. ರೈತರಾಗಿ ನಾವೇ ಸಂತೆಯಿಂದ ಔಷಧಿ ಹೊಡೆದ ಸೊಪ್ಪು ತಂದು ಮಕ್ಕಳಿಗೆ ತಿನ್ನಿಸೋದು ಯಾವ ನ್ಯಾಯ? ಹಾವಿನ ಭಯ ಇದ್ದರೆ ಗೋಡೆ ಪಕ್ಕ ಕಟ್ಟಿಗೆ, ಕಲ್ಲು ಗುಡ್ಡೆ ಹಾಕದೆ ಚೊಕ್ಕಟ ಇಡಿ. ಮೆಣಸಿನಕಾಯಿ ಒಣಗಿಸಲು, ಪಾತ್ರೆ ತೊಳೆಯಲು ಗಟ್ಟಿ ನೆಲ ಬೇಕು, ನಿಜ. ಅದಕ್ಕೇ ಕಾಲು ಭಾಗ ಉಳಿಸಿಕೊಂಡಿದ್ದೇನೆ.

ಮೇಸ್ತ್ರಿಗೆ ಮುಂಗಡ ಕೊಡುವ ಮುಂಚೆ, ಅಡುಗೆಮನೆಯಲ್ಲಿ ದಿನ ಕಳೆಯುವವರನ್ನು ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.