ಸರ್ವರ್ ಎದ್ದಿತು ಸರಿ, ಕೆಲಸ ಆಯ್ತಾ?

1/5
"ಕ್ರಾನ್ ಹಾಕಿದೀನಿ ಮಗಾ, ತಾನಾಗೇ ಓಡುತ್ತೆ." ಈ ಮಾತು ಇನ್ಮೇಲೆ ಯಾರೂ ಹೇಳ್ಬೇಡಿ. ನಾನೂ ಹೇಳಿದ್ದೆ. ನನ್ನಿಂದಾಗಿ ಇಬ್ಬರ ಹೆಸರು ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿಗೆ ಹೋಯ್ತು.

ದಿನಾ ರಾತ್ರಿ 2 ಗಂಟೆಗೆ ಹಿಂದಿನ ದಿನದ ಹಾಜರಿ ಸೇರಿಸೋ ಸ್ಕ್ರಿಪ್ಟ್ ನನ್ನದು. ಶುಕ್ರವಾರ ಸಂಜೆ ಕರೆಂಟ್ ಹೋಯ್ತು, ಲ್ಯಾಬ್ ಸರ್ವರ್ ಮಲಗಿತು. ಸೋಮವಾರ ಬೆಳಗ್ಗೆ 9ಕ್ಕೆ ಆನ್ ಮಾಡಿ "ಎಲ್ಲಾ ಸರಿ ಇದೆ ಸರ್" ಅಂದೆ. ಶುಕ್ರವಾರ, ಶನಿವಾರದ ಹಾಜರಿ ಸೇರಲೇ ಇಲ್ಲ. ಇಡೀ ಕ್ಲಾಸ್ ಆಬ್ಸೆಂಟ್! ಒಂದು ಎರರ್ ಕೂಡ ಬರಲಿಲ್ಲ. ಓಡದೇ ಇರೋ ಸ್ಕ್ರಿಪ್ಟ್ ಎರರ್ ಎಲ್ಲಿಂದ ಕೊಡಬೇಕು?

2/5
ಕ್ರಾನ್‌ಗೆ ನೆನಪಿಲ್ಲ ಕಣ್ರೋ. ನಿಮಿಷಕ್ಕೊಮ್ಮೆ ಎದ್ದು, "ಈ ನಿಮಿಷಕ್ಕೆ ಏನಾದ್ರೂ ಇದ್ಯಾ?" ಅಂತ ನೋಡುತ್ತೆ. ಇದ್ರೆ ಓಡಿಸುತ್ತೆ. ಮಷೀನ್ ಆಫ್ ಇದ್ದಾಗ ಹೋದ ನಿಮಿಷ ಹೋಯ್ತು.

"ನಮ್ಮದು ಕ್ಲೌಡ್, ಬೀಳಲ್ಲ" ಅಂತೀರಾ? ಕರ್ನಲ್ ಅಪ್‌ಡೇಟ್ ಮಾಡಿದ್ರೆ ರೀಸ್ಟಾರ್ಟ್ ನೀವೇ ಮಾಡ್ತೀರಿ.

3/5
"ಅನಾಕ್ರಾನ್ ಹಾಕು" ಅಂತಾರೆ. ಒಳ್ಳೇದೇ. ಕೊನೇ ಸಲ ಓಡಿದ ತಾರೀಖು ಬರೆದಿಟ್ಟುಕೊಳ್ಳುತ್ತೆ. ಆದ್ರೆ ಲೆಕ್ಕ ದಿನದ್ದು, ಗಂಟೆಗೊಮ್ಮೆ ಓಡೋ ಕೆಲಸಕ್ಕೆ ಆಗಲ್ಲ. ಸಿಸ್ಟಮ್‌ಡಿ ಟೈಮರ್‌ನಲ್ಲಿ 'ಪರ್ಸಿಸ್ಟೆಂಟ್' ಆನ್ ಮಾಡಿದ್ರೆ, ತಪ್ಪಿದ ಕೆಲಸ ಸರ್ವರ್ ಎದ್ದ ಮೇಲೆ ಓಡುತ್ತೆ. ಎಷ್ಟು ಸಲ ತಪ್ಪಿದ್ರೂ ಒಂದೇ ಸಲ!

ನನ್ನ ಕೇಸಿಗೆ ಹಾಕಿ ನೋಡಿ. ಸೋಮವಾರ ಒಂದು ಸಲ ಓಡಿ, "ನಿನ್ನೆ" ಅಂದ್ರೆ ಭಾನುವಾರದ ಹಾಜರಿ ಸೇರಿಸುತ್ತಿತ್ತು. ರಜೆ ದಿನದ್ದು. ತಪ್ಪು ಟೂಲ್‌ದಲ್ಲ, "ನಿನ್ನೆ" ಅಂತ ಬರೆದ ನನ್ನದು.

4/5
"ಎಷ್ಟು ಗಂಟೆಗೆ ಓಡಬೇಕು" ಅನ್ನೋದು ಸಣ್ಣ ಪ್ರಶ್ನೆ. "ಎಲ್ಲಿವರೆಗೆ ಆಗಿದೆ" ಅನ್ನೋದೇ ದೊಡ್ಡದು. ಯಶಸ್ವಿಯಾಗಿ ಮುಗಿದ ಕೊನೇ ದಿನಾಂಕವನ್ನ ಡೇಟಾಬೇಸ್‌ನಲ್ಲಿಡಿ. ಅಲ್ಲಿಂದ ನಿನ್ನೆವರೆಗೆ ಒಂದೊಂದೇ ದಿನ ಮುಗಿಸ್ತಾ ಬನ್ನಿ. ಅದೇ ದಿನ ಎರಡು ಸಲ ಓಡಿದ್ರೂ ಲೆಕ್ಕ ಡಬಲ್ ಆಗಬಾರದು.

ಹಾಗಂತ ತಪ್ಪಿದ್ದನ್ನೆಲ್ಲ ಓಡಿಸೋದೂ ದಡ್ಡತನ. ಬೆಳಗ್ಗೆ 8ರ "ಇವತ್ತು ಕ್ಲಾಸ್ ಇದೆ" ಮೆಸೇಜ್ ಸಂಜೆ 4ಕ್ಕೆ ಯಾರಿಗೆ ಬೇಕು? ಬಿಟ್ಟುಬಿಡಿ. ಬ್ಯಾಕಪ್ ಮೂರು ದಿನ ತಪ್ಪಿದ್ರೆ ಈಗ ಒಂದು ಸಲ ಸಾಕು. ಹಾಜರಿಗೆ ಮಾತ್ರ ಪ್ರತಿ ದಿನವೂ ಬೇಕು. ಯಾವುದಕ್ಕೆ ಯಾವುದು ಅಂತ ಕ್ರಾನ್ ನಿರ್ಧರಿಸಲ್ಲ, ನೀವೇ ನಿರ್ಧರಿಸಬೇಕು.

5/5
ಆ ಇಬ್ಬರ ಹಾಜರಿ ಕೈಯಾರೆ ಸರಿ ಮಾಡಿಸಿದೆ. ಆದ್ರೆ ಒಂದು ವಾರ ಅವರು ಆಫೀಸ್ ಮುಂದೆ ನಿಂತಿದ್ರು, ಮಾಡದ ತಪ್ಪಿಗೆ.

ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟ್ ಆಫ್ ಮಾಡಿ ಮಲಗಿ. ಬೆಳಗ್ಗೆ ಆನ್ ಮಾಡಿ. ಏನು ತಪ್ಪಿತು ಅಂತ ಅದು ತಾನಾಗೇ ಹೇಳುತ್ತಾ? ಇಲ್ಲ ಅಂದ್ರೆ ಡೆಮೋ ದಿನ "ಫುಲ್ಲಿ ಆಟೋಮೇಟೆಡ್" ಅಂತ ಸ್ಲೈಡ್ ಹಾಕ್ಬೇಡಿ. ಏನಾಯ್ತು ಅಂತ ಕಾಮೆಂಟ್‌ನಲ್ಲಿ ಹೇಳಿ.

#ಕ್ರಾನ್ #ಸರ್ವರ್ #ಕನ್ನಡದಲ್ಲಿ_ಕೋಡಿಂಗ್