ಲಸಿಕೆಗಳ ವಿಧಗಳು ಮತ್ತು ಸುರಕ್ಷಿತ ಲಸಿಕೆ ನೀಡಿಕೆ: ಸೀಸೆ ತೆರೆದ ವೇಳೆಯ ಮಹತ್ವ

ಕಲ್ಯಾಣ ನಗರ, ಬಾಣಸವಾಡಿ, ಹಲಸೂರು, ಕೆ.ಆರ್.ಪುರಂ ಮೊದಲಾದ ಬೆಂಗಳೂರು ಪೂರ್ವ ಭಾಗದ ನಾಗರಿಕರು ಮಕ್ಕಳ ಲಸಿಕೆಗಾಗಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ, ಸಾರ್ವಜನಿಕ ಆಸ್ಪತ್ರೆಗಳಿಗೂ, ಖಾಸಗಿ ನರ್ಸಿಂಗ್ ಹೋಂಗಳಿಗೂ ತೆರಳುತ್ತಾರೆ. ಕೆಲವು ಲಸಿಕೆಗಳನ್ನು ನಿಗದಿತ ದಿನದಂದು ಮಾತ್ರ ನೀಡುವುದೇಕೆ, ಸೀಸೆಯಲ್ಲಿ ಉಳಿದ ಲಸಿಕೆಯನ್ನು ಅಂದೇ ನಾಶಪಡಿಸುವುದೇಕೆ ಎಂಬ ಪ್ರಶ್ನೆಗಳು ಪೋಷಕರಲ್ಲಿ ಮೂಡುವುದು ಸಹಜ. ಈ ನಿಯಮಗಳ ಹಿಂದಿರುವ ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ರಾಮದುರ್ಗದ ಪ್ರಕರಣ

ಜನವರಿ 2022ರಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಶಿಶುಗಳು ಮೃತಪಟ್ಟವು. ಲಸಿಕೆಯನ್ನು ಆರೋಗ್ಯ ಕೇಂದ್ರದ ಶೀತಲ ಪೆಟ್ಟಿಗೆಗೆ ಹಿಂದಿರುಗಿಸದೆ ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತೆಂದು ಪ್ರಾಥಮಿಕ ವಿಚಾರಣೆಯನ್ನು ಆಧರಿಸಿ ಅಂದು ವರದಿಯಾಗಿತ್ತು. ಇಬ್ಬರು ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು.

ಇಂತಹ ದುರಂತ ಬೇರೆಡೆಯೂ ಸಂಭವಿಸಿದೆ. ಮೇ 2017ರಲ್ಲಿ ದಕ್ಷಿಣ ಸುಡಾನ್ ದೇಶದ ದಡಾರ ಲಸಿಕಾ ಅಭಿಯಾನದಲ್ಲಿ 15 ಮಕ್ಕಳು ಮೃತಪಟ್ಟರು. ಲಸಿಕೆ ಬೆರೆಸಲು ಒಂದೇ ಸಿರಿಂಜನ್ನು ನಾಲ್ಕು ದಿನ ಬಳಸಿದ್ದು ಹಾಗೂ ಲಸಿಕೆಯನ್ನು ಶೀತಲ ವ್ಯವಸ್ಥೆಯಿಲ್ಲದೆ ಇರಿಸಿದ್ದು ತನಿಖೆಯಲ್ಲಿ ಕಂಡುಬಂದಿತು. ಅಲ್ಲಿ ಪ್ರಾಣಹಾನಿಗೆ ಕಾರಣವಾದದ್ದು ಲಸಿಕೆಯಲ್ಲ. ಅದನ್ನು ನಿರ್ವಹಿಸಿದ ರೀತಿ.

ಲಸಿಕೆಗಳ ವಿಧಗಳು

1. ದುರ್ಬಲಗೊಳಿಸಿದ ಸಜೀವ ಲಸಿಕೆಗಳು: ಬಿ.ಸಿ.ಜಿ., ದಡಾರ-ರುಬೆಲ್ಲಾ, ಬಾಯಿಗೆ ಹಾಕುವ ಪೋಲಿಯೋ ಹನಿ, ರೋಟಾ ವೈರಸ್ ಲಸಿಕೆ.
2. ನಿಷ್ಕ್ರಿಯಗೊಳಿಸಿದ ಲಸಿಕೆ: ಚುಚ್ಚುಮದ್ದಿನ ಪೋಲಿಯೋ ಲಸಿಕೆ.
3. ರೋಗಾಣುವಿನ ನಂಜನ್ನು ನಿರಪಾಯಗೊಳಿಸಿ ತಯಾರಿಸಿದವು: ಧನುರ್ವಾಯು ಹಾಗೂ ಗಂಟಲುಮಾರಿ ತಡೆಯುವ ಟಿ.ಡಿ. ಲಸಿಕೆ.
4. ರೋಗಾಣುವಿನ ಅಂಶವನ್ನು ಮಾತ್ರ ಒಳಗೊಂಡವು: ಹೆಪಟೈಟಿಸ್-ಬಿ ಮತ್ತು ನ್ಯೂಮೋಕಾಕಲ್ ಲಸಿಕೆಗಳು.

ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಒಂದಕ್ಕಿಂತ ಹೆಚ್ಚು ವಿಧಗಳು ಸೇರಿರುತ್ತವೆ.

ವಿಧಕ್ಕೆ ತಕ್ಕಂತೆ ಜಾಗ್ರತೆಯೂ ಬೇರೆಯಾಗುತ್ತದೆ. ಪೋಲಿಯೋ ಹನಿ ಮತ್ತು ದಡಾರ-ರುಬೆಲ್ಲಾ ಲಸಿಕೆಗಳು ಶಾಖಕ್ಕೆ ಬೇಗ ಕೆಡುತ್ತವೆ. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಟಿ.ಡಿ. ಲಸಿಕೆಗಳು ಹೆಪ್ಪುಗಟ್ಟಿದರೆ ನಿರುಪಯುಕ್ತವಾಗುತ್ತವೆ. ಆದುದರಿಂದ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ಮೇಲ್ಭಾಗದಿಂದ ತೆರೆಯುವ ಐ.ಎಲ್.ಆರ್. ಪೆಟ್ಟಿಗೆಯಲ್ಲಿ ಇರಿಸಲಾಗುತ್ತದೆ. ಪದೇ ಪದೇ ಬಾಗಿಲು ತೆರೆಯುವ, ಆಹಾರ ಪದಾರ್ಥಗಳಿರುವ ಫ್ರಿಜ್ ಇದಕ್ಕೆ ಪರ್ಯಾಯವಾಗಲಾರದು.

ನಾಲ್ಕು ಗಂಟೆಗಳ ನಿಯಮ

ಬಿ.ಸಿ.ಜಿ. ಮತ್ತು ದಡಾರ-ರುಬೆಲ್ಲಾ ಲಸಿಕೆಗಳು ಪುಡಿಯ ರೂಪದಲ್ಲಿರುತ್ತವೆ. ಆಯಾ ಲಸಿಕೆಯೊಂದಿಗೆ ಒದಗಿಸಿದ ದ್ರಾವಕವನ್ನೇ ಬೆರೆಸಿ ಇವನ್ನು ಸಿದ್ಧಪಡಿಸಬೇಕು. ಇವುಗಳಲ್ಲಿ ಸಂರಕ್ಷಕ ರಾಸಾಯನಿಕ ಇರುವುದಿಲ್ಲ. ಬೆರೆಸಿದ ನಂತರ ಸೀಸೆಯೊಳಗೆ ಬ್ಯಾಕ್ಟೀರಿಯಾ ಸೇರಿದರೆ ಅದು ಬೆಳೆದು ನಂಜು ಉಂಟುಮಾಡಬಲ್ಲದು. ಆ ನಂಜು ಮಗುವಿನ ದೇಹವನ್ನು ಸೇರಿದ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ ಒದಗಬಹುದು. ಈ ಕಾರಣದಿಂದ ಬೆರೆಸಿದ ನಾಲ್ಕು ಗಂಟೆಗಳೊಳಗೆ ಅಥವಾ ಲಸಿಕಾ ಅಧಿವೇಶನ ಮುಗಿದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ, ಉಳಿಕೆಯನ್ನು ನಾಶಪಡಿಸಬೇಕೆಂದು ನಿಯಮಿಸಲಾಗಿದೆ.

ಪೆಂಟಾವೇಲೆಂಟ್‌ನಂತಹ ಕೆಲವು ದ್ರವರೂಪದ ಲಸಿಕೆಗಳನ್ನು, ಶೀತಲ ವ್ಯವಸ್ಥೆ ಕಾಯ್ದುಕೊಂಡಲ್ಲಿ, ತೆರೆದ ನಂತರವೂ ನಾಲ್ಕು ವಾರಗಳವರೆಗೆ ಬಳಸಲು ಅವಕಾಶವಿದೆ. ಈ ಎರಡು ನಿಯಮಗಳನ್ನು ಅದಲುಬದಲು ಮಾಡಿಕೊಳ್ಳುವುದು ಅಪಾಯಕಾರಿ.

ಸೀಸೆಯ ಮೇಲಿನ ಶಾಖಸೂಚಕ ಗುರುತಿನಲ್ಲಿ ಒಳಗಿನ ಚೌಕವು ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಶಾಖದ ದೃಷ್ಟಿಯಿಂದ ಲಸಿಕೆ ಬಳಕೆಗೆ ಯೋಗ್ಯ. ಪುಡಿ ಲಸಿಕೆಗಳಲ್ಲಿ ಈ ಗುರುತು ಸಾಮಾನ್ಯವಾಗಿ ಮುಚ್ಚಳದ ಮೇಲಿರುವುದರಿಂದ ಸೀಸೆ ತೆರೆದೊಡನೆ ಅದೂ ಹೋಗುತ್ತದೆ. ಬ್ಯಾಕ್ಟೀರಿಯಾ ಸೇರಿದೆಯೇ ಎಂಬುದನ್ನು ಆ ಗುರುತು ತೋರಿಸುವುದೂ ಇಲ್ಲ. ಆದ್ದರಿಂದ ಶುಶ್ರೂಷಕಿಯರು ಸೀಸೆಯ ಮೇಲೆ ಬರೆಯುವ ದಿನಾಂಕ ಮತ್ತು ವೇಳೆಯೇ ಮುಖ್ಯ ದಾಖಲೆಯಾಗಿ ಉಳಿಯುತ್ತದೆ.

ವ್ಯರ್ಥವೇ, ರಕ್ಷಣೆಯೇ?

ಒಂದು ಸೀಸೆಯಲ್ಲಿ 5 ಅಥವಾ 10 ಮಕ್ಕಳಿಗೆ ಸಾಲುವಷ್ಟು ದಡಾರ-ರುಬೆಲ್ಲಾ ಲಸಿಕೆ ಇರುತ್ತದೆ. ಇಬ್ಬರೇ ಮಕ್ಕಳು ಬಂದ ದಿನ ಉಳಿದದ್ದು ದಾಸ್ತಾನು ವಹಿಯಲ್ಲಿ ವ್ಯರ್ಥವೆಂದು ನಮೂದಾಗುತ್ತದೆ. ಈ ನಮೂದಿಗೆ ಅಂಜಿ ಉಳಿಕೆಯನ್ನು ಮರುದಿನಕ್ಕೆ ಕಾಯ್ದಿರಿಸುವ ಮನಸ್ಸಾಗುವುದೇ ಅಪಾಯದ ಮೂಲ. ನಾಶಪಡಿಸಿದ ಲಸಿಕೆಯ ಬೆಲೆಯನ್ನು ಲೆಕ್ಕ ಹಾಕಬಹುದು. ಒಂದು ಮಗುವಿನ ಸಾವನ್ನು, ತದನಂತರ ಲಸಿಕೆಯನ್ನೇ ನಿರಾಕರಿಸುವ ಗ್ರಾಮಗಳ ಭಯವನ್ನು ಯಾವ ವಹಿಯಲ್ಲಿಯೂ ಸರಿದೂಗಿಸಲಾಗದು. ಸಿಬ್ಬಂದಿಯ ಮೇಲೆ ಕ್ರಮ ಜರುಗಿಸುವುದರ ಜೊತೆಗೆ ವ್ಯರ್ಥದ ಬಗೆಗಿನ ಈ ಅಂಜಿಕೆಯನ್ನು ನಿವಾರಿಸುವುದೂ ಅಗತ್ಯ. ಮಕ್ಕಳನ್ನು ನಿಗದಿತ ದಿನಕ್ಕೆ ಒಟ್ಟುಗೂಡಿಸುವುದರಿಂದ ವ್ಯರ್ಥವೂ ತಗ್ಗುತ್ತದೆ.

ಪೋಷಕರು ಗಮನಿಸಬೇಕಾದ ಅಂಶಗಳು

1. ತಾಯಿ ಕಾರ್ಡನ್ನು ತಪ್ಪದೆ ತರುವುದು.
2. ಸೀಸೆಯನ್ನು ಯಾವಾಗ ತೆರೆಯಲಾಯಿತೆಂದು ಕೇಳುವುದು. ಇದು ಅವಿಶ್ವಾಸದ ಪ್ರಶ್ನೆಯಲ್ಲ.
3. ಪ್ರತಿ ಮಗುವಿಗೂ ಹೊಸ ಸಿರಿಂಜನ್ನು ಬಳಸುವುದನ್ನು ಖಚಿತಪಡಿಸಿಕೊಳ್ಳುವುದು.
4. ಲಸಿಕೆಯ ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಇರುವುದು.
5. ಅಲ್ಪ ಜ್ವರ, ಚುಚ್ಚಿದ ಜಾಗದಲ್ಲಿ ನೋವು ಸಾಮಾನ್ಯ. ತೀವ್ರ ಜ್ವರದೊಡನೆ ವಾಂತಿ-ಭೇದಿ, ಉಸಿರಾಟದ ತೊಂದರೆ, ಮಂಪರು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಒಯ್ಯುವುದು. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡುವುದು.

ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದ ನಂತರ ಮೊದಲ ಬಾರಿ, 16ರಿಂದ 24 ತಿಂಗಳೊಳಗೆ ಎರಡನೆಯ ಬಾರಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ರಾಮದುರ್ಗದಂತಹ ಘಟನೆಯ ಭಯದಿಂದ ಲಸಿಕೆಯನ್ನು ತಪ್ಪಿಸದೆ, ನಿಯಮ ಪಾಲನೆಯನ್ನು ವಿಚಾರಿಸಿ ಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.