ಚಾರಣಿಗನ ಚೀಲದಲ್ಲಿ ಶ್ಯಾಂಪೂ ಬಿಲ್ಲೆ

ಹಿಂದೆ ಕಾಲ್ನಡಿಗೆಯಲ್ಲಿ ಯಾತ್ರೆಗೆ ಹೊರಟವರು ಬುತ್ತಿ, ಕಂಬಳಿ, ಚೊಂಬು ಇಷ್ಟನ್ನೇ ಹೊತ್ತು ನಡೆಯುತ್ತಿದ್ದರು. ಇಂದು ಚಾರಣಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳ ಬೆನ್ನಚೀಲವನ್ನು ಬಿಚ್ಚಿದರೆ ಒಂದು ಸಣ್ಣ ಅಂಗಡಿಯೇ ಹೊರಬೀಳುತ್ತದೆ. ಆ ಅಂಗಡಿಯ ಒಂದೇ ಒಂದು ಸಾಮಾನನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ತಲೆಗೆ ಹಾಕಿಕೊಳ್ಳುವ ಶ್ಯಾಂಪೂ. ವಿಷಯ ಕ್ಷುಲ್ಲಕವೆಂದು ಕೆಲವರು ನಗಬಹುದು. ಆದರೆ ಎರಡು ದಿನ ಬೆಟ್ಟ ಹತ್ತಿಳಿದು, ಬೆವರು ಧೂಳು ಮೆತ್ತಿದ ತಲೆಯೊಡನೆ ಹೊಳೆಯ ದಂಡೆಗೆ ಬಂದು ನಿಂತವರಾರೂ ಅದನ್ನು ಕ್ಷುಲ್ಲಕವೆನ್ನಲಾರರು.

ಈಚೆಗೆ ಪೇಟೆಯಲ್ಲಿ ಸೋಪಿನಂತೆ ಗಟ್ಟಿಯಾದ ಶ್ಯಾಂಪೂ ಬಿಲ್ಲೆಗಳು ದೊರೆಯುತ್ತಿವೆ. ಸೀಸೆಯ ಶ್ಯಾಂಪೂವಿನಲ್ಲಿ ಹೆಚ್ಚಿನ ಪಾಲು ನೀರೇ. ನೀರಿರುವ ಹೊಳೆಗೆ ನೀರನ್ನೇ ಹೊತ್ತೊಯ್ಯುವುದು ಯಾವ ಜಾಣತನ? ಬಿಲ್ಲೆಯಲ್ಲಿ ಆ ನೀರಿಲ್ಲ. ಕೊಳೆ ತೆಗೆಯುವ ಪದಾರ್ಥವೇ ಗಟ್ಟಿಯಾಗಿ ಕುಳಿತಿದೆ. ತೂಕ ಎಂಬತ್ತು ಗ್ರಾಂ ಆಸುಪಾಸು. ಅದು ಸೋರುವುದಿಲ್ಲ, ಒಡೆಯುವುದಿಲ್ಲ, ಚೀಲದೊಳಗಿನ ಅಂಗಿಯನ್ನೂ ಅವಲಕ್ಕಿಯನ್ನೂ ಕೆಡಿಸುವುದಿಲ್ಲ.

ಆದರೆ ಬಿಲ್ಲೆಗಳೆಲ್ಲ ಒಂದೇ ಜಾತಿಯವಲ್ಲ. ಎಣ್ಣೆಗೆ ಕ್ಷಾರ ಬೆರೆಸಿ ಮಾಡಿದ ನಿಜವಾದ ಸೋಪು ಒಂದು ಬಗೆ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ನೊರೆ ಕೊಡುವ ಬದಲು ಕೂದಲಿಗೆ ಜಿಗುಟನ್ನು ಬಳಿಯುತ್ತದೆ. ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್‌ನಂತಹ, ತೆಂಗಿನೆಣ್ಣೆಯಿಂದ ಪಡೆದ ಮಾರ್ಜಕದಿಂದ ಮಾಡಿದ್ದು ಇನ್ನೊಂದು ಬಗೆ. ಇದಕ್ಕೆ ಗಡಸು ನೀರಿನ ಭಯವಿಲ್ಲ. ಕೊಳ್ಳುವಾಗ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಬೇಕು. ಬಳಸಿದ ಬಿಲ್ಲೆಯನ್ನು ಹಸಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮರುದಿನ ಅಂಬಲಿಯಾಗುತ್ತದೆ. ಗಾಳಿಗಿಟ್ಟು ಆರಿಸಿ ಬಟ್ಟೆಯಲ್ಲಿ ಸುತ್ತಿಡಬೇಕು.

ಇಷ್ಟು ವಸ್ತುವಿನ ಗುಣ. ನಾನು ಮುಖ್ಯವಾಗಿ ಹೇಳಬೇಕಾದುದು ಬೇರೆ. ನಮ್ಮಲ್ಲಿ ಬಹುಪಾಲು ಮಂದಿ ಸೀಸೆಯನ್ನೂ ಒಯ್ಯುವುದಿಲ್ಲ, ಬಿಲ್ಲೆಯನ್ನೂ ಒಯ್ಯುವುದಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ತೋರಣದಂತೆ ತೂಗುವ ಒಂದೆರಡು ರೂಪಾಯಿಯ ಪ್ಯಾಕೆಟ್‌ಗಳನ್ನು ಹರಿದುಕೊಂಡು ಹೊರಡುತ್ತೇವೆ. ಸ್ನಾನ ಮುಗಿದ ಮೇಲೆ ಆ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ? ಹಲವು ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಆ ಹಾಳೆಯನ್ನು ಬಿಡಿಸಿ ಮತ್ತೆ ಬಳಸುವುದು ಬಹು ಕಷ್ಟ. ಆದುದರಿಂದ ಗುಜರಿಯವನೂ ಅದನ್ನು ಕೊಳ್ಳುವುದಿಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಾರಬಾರದೆಂದು 2016ರ ಕೇಂದ್ರ ನಿಯಮ ಹೇಳುತ್ತದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧವಾದುವು. ಶ್ಯಾಂಪೂ ಪ್ಯಾಕೆಟ್ ಆ ಪಟ್ಟಿಯಲ್ಲಿ ಸೇರಲಿಲ್ಲ. ಕಾನೂನು ಕೈಚಾಚದ ಕಡೆ ನಮ್ಮ ವಿವೇಕವೇ ಕೈಚಾಚಬೇಕು.

ಇಲ್ಲಿ ಬೆಲೆಯ ಪ್ರಶ್ನೆ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಒಳ್ಳೆಯ ಬಿಲ್ಲೆಗೆ ಮುನ್ನೂರು ರೂಪಾಯಿಯವರೆಗೂ ಬೆಲೆಯಿದೆ. ನಮ್ಮ ಮನೆಯಲ್ಲಿ ಅದು ಒಂದು ದಿನದ ಕೂಲಿಗೆ ಹತ್ತಿರ. ಅರವತ್ತು ಸ್ನಾನಕ್ಕೆ ಬಂದರೂ ಸ್ನಾನಕ್ಕೆ ಐದು ರೂಪಾಯಿ ಬೀಳುತ್ತದೆ. ಪ್ಯಾಕೆಟ್ ಇದಕ್ಕಿಂತ ಅಗ್ಗವೆಂಬುದು ನಿಜ. ಬಡವರ ಮನೆಯ ಹೆಣ್ಣುಮಕ್ಕಳು ವಾರಕ್ಕೊಂದು ಪ್ಯಾಕೆಟ್ ಕೊಳ್ಳುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಬೆಟ್ಟದ ಮೇಲೆ ಬಿಸಾಡಿದ ಪ್ಯಾಕೆಟ್ ಅಗ್ಗವಾಗಿ ಉಳಿಯುವುದಿಲ್ಲ. ಅದನ್ನು ಹೆಕ್ಕುವವನ ಬೆನ್ನು ನೋವು ಅದರ ಬೆಲೆಯಲ್ಲಿ ಸೇರಿಲ್ಲ, ಅಷ್ಟೆ. ಹಾಗೆ ಹೆಕ್ಕುವ ಕೆಲಸ ನಮ್ಮಂತಹವರ ಮನೆಯವರ ಪಾಲಿಗೇ ಬರುತ್ತದೆಂಬುದನ್ನು ನಾವು ಮರೆಯಬಾರದು.

ಇದಕ್ಕೆ ಸುಲಭವಾದ ಉಪಾಯವುಂಟು. ಸೀಸೆಯನ್ನು ಕತ್ತರಿಸಲಾಗದು, ಬಿಲ್ಲೆಯನ್ನು ಚಾಕುವಿನಿಂದ ಕತ್ತರಿಸಬಹುದು. ನಾಲ್ವರು ಕೂಡಿ ಒಂದನ್ನು ಕೊಂಡರೆ ತಲೆಗೆ ಎಪ್ಪತ್ತೈದು ರೂಪಾಯಿ, ಇಪ್ಪತ್ತು ಗ್ರಾಂ ತೂಕ, ಹದಿನೈದು ಸ್ನಾನ. ಕಾಲೇಜಿನಿಂದ ಚಾರಣ ಏರ್ಪಡಿಸುವಾಗ ವಂತಿಗೆಯ ಹಣದಿಂದಲೇ ಬಿಲ್ಲೆ ತಂದು ತುಂಡು ಮಾಡಿ ಹಂಚಬಾರದೇಕೆ?

“ನಮ್ಮ ಸೀಗೆಕಾಯಿ, ಅಂಟುವಾಳಗಳಿರುವಾಗ ಈ ಹೊಸ ಬಿಲ್ಲೆಯೇಕೆ?” ಎಂದು ಹಿರಿಯ ಅಧ್ಯಾಪಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಸೀಗೆಪುಡಿಯೂ ಒಣಗಿದ್ದು, ಹಗುರವಾದದ್ದು. ಕಾಗದದಲ್ಲಿ ಕಟ್ಟಿಕೊಂಡು ಹೋಗಬಹುದು. ಕಲಸಿ ಹಚ್ಚಿ, ಪುಡಿ ಹೋಗುವಷ್ಟು ನೀರು ಸುರಿದುಕೊಳ್ಳುವ ತಾಳ್ಮೆಯಿದ್ದವರು ಅದನ್ನೇ ಒಯ್ಯಲಿ.

ಬಿಲ್ಲೆಯಾಗಲಿ ಸೀಗೆಯಾಗಲಿ, ಹೊಳೆಗೇ ಇಳಿದು ತಲೆ ತೊಳೆಯಲು ಅದು ಪರವಾನಗಿಯಲ್ಲ. ಅಂಟುವಾಳದ ನೊರೆ ಮೀನಿಗೆ ವಿಷ. ಅದನ್ನು ನೀರಿಗೆ ಬೆರೆಸಿ ಮೀನು ಹಿಡಿಯುವ ಪದ್ಧತಿಯೇ ಉಂಟು. “ನೈಸರ್ಗಿಕ” ಎಂಬ ಹೆಸರಿನಿಂದ ಮೀನಿಗೇನೂ ಪ್ರಯೋಜನವಿಲ್ಲ. 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಇಳಿದು ಸುಬ್ರಹ್ಮಣ್ಯಕ್ಕೆ ಬರುವ ಚಾರಣಿಗನಿಗೆ ಕುಮಾರಧಾರೆ ಎದುರಾಗುತ್ತದೆ. ಆ ನದಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮುಂದೆ ತುಂಬೆಯ ಅಣೆಕಟ್ಟಿನಿಂದ ಅದೇ ನೀರು ಮಂಗಳೂರಿನ ಮನೆಗಳಿಗೆ ಕುಡಿಯಲು ಹೋಗುತ್ತದೆ. ತೀರ್ಥಕ್ಷೇತ್ರಗಳಲ್ಲಿ ನದಿಯಿಂದ 500 ಮೀಟರ್ ಒಳಗೆ ಸೋಪು, ಶ್ಯಾಂಪೂ ಮಾರದಂತೆ ಮಾಡಬೇಕೆಂದು ರಾಜ್ಯದ ಅರಣ್ಯ ಸಚಿವರು 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದುದು ಸುಮ್ಮನೆ ಅಲ್ಲ. ಬಕೆಟ್ಟಿನಲ್ಲಿ ನೀರು ತುಂಬಿಕೊಂಡು, ದಂಡೆಯಿಂದ ಇನ್ನೂರು ಅಡಿ ದೂರ ಹೋಗಿ, ಮಣ್ಣಿನ ಮೇಲೆ ಸ್ನಾನ ಮಾಡಬೇಕೆಂಬುದು ಚಾರಣಿಗರ ನಿಯಮ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಆ ನೊರೆಯನ್ನು ಒಡೆಯುತ್ತವೆ. ಹರಿಯುವ ನೀರಿಗೆ ಅಷ್ಟು ವ್ಯವಧಾನವಿಲ್ಲ.

ಸಹಪಾಠಿಗಳೇ, ಮುಂದಿನ ವರ್ಷದ ಚಾರಣಕ್ಕೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಹೊರಡುವ ಹಿಂದಿನ ದಿನ ಬಿಲ್ಲೆಯೊಂದನ್ನು ತಂದು ತುಂಡು ಮಾಡಿಕೊಳ್ಳಿರಿ, ನಾಲ್ವರಿಗೆ ಒಂದರಂತೆ ಬಕೆಟ್ಟನ್ನೂ ಒಯ್ಯಿರಿ. ಖರ್ಚು ಸ್ವಲ್ಪ, ಶ್ರಮ ಇನ್ನೂ ಸ್ವಲ್ಪ. ನಾವು ಹಿಂದಿರುಗಿದ ಮೇಲೆ ಆ ದಾರಿಯಲ್ಲಿ ನಮ್ಮ ಗುರುತು ಉಳಿಯದಿದ್ದರೆ ಅದೇ ಕಾಲೇಜಿಗೆ ಗೌರವ.